ಒಲೆಯ ಮೇಲಿನ ಮೂರು ಕಟ್ಟು

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಗಣಪತನ ಮನೆಯಲ್ಲಿ ಒಲೆಯ ಮೇಲಿನ ಛಾವಣಿ ಬಿತ್ತು. ಅದು ೧೯೮೩ರ ಜುಲೈ ಹನ್ನೆರಡು, ಮಂಗಳವಾರ. ಕೋವಾಡದಿಂದ ಎರಡು ಮೈಲಿ ಆಚೆಗಿನ ಆ ಪುಟ್ಟ ವಾಡಿಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಗಣಪತ ಹೊರಗೆ ಎಮ್ಮೆ ಹಿಂಡುತ್ತಿದ್ದ. ಅವನ ಹೆಂಡತಿ ಹೌಸಾಬಾಯಿ ಚಹಾಕ್ಕೆಂದು ಒಲೆ ಹೊತ್ತಿಸುತ್ತಿದ್ದಳು. ಮೂರು ಜಂತಿ, ಅವುಗಳ ಮೇಲಿನ ಅಡ್ಡಬಿದಿರು, ನೀರು ಕುಡಿದು ಭಾರವಾಗಿದ್ದ ಇನ್ನೂರರಷ್ಟು ಹಂಚು ಒಮ್ಮೆಲೇ ಜಾರಿ ಬಂದವು. ಆಕೆಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೊರಟರು. ಕೋವಾಡ ಮುಟ್ಟುವ ಮೊದಲೇ ಜೀವ ಹೋಯಿತು. ವಯಸ್ಸು ಐವತ್ತೊಂದು.

ಊರ ಲೆಕ್ಕ ಬರೆಯುವ ತಲಾಠಿ ಬಂದು ಪಂಚನಾಮೆಯಲ್ಲಿ ಗಾಳಿಮಳೆ ಎಂದು ಬರೆದ. ಊರಿನವರು ಹಾಗೆ ಅನ್ನಲಿಲ್ಲ. ಮನೆಯ ಉಳಿದ ಛಾವಣಿಯ ಒಂದು ಹಂಚೂ ಅಲುಗಿರಲಿಲ್ಲ.

ಇಚಲಕರಂಜಿಯಲ್ಲಿದ್ದ ಸಾತಪ್ಪನಿಗೆ ಸುದ್ದಿ ಮುಟ್ಟಿದ್ದು ಶುಕ್ರವಾರ. ವಾಡಿಯ ಶಾಲೆಯವರು ಚರ್ಚಿನ ತರುಣ ಸಂಘ ನಡೆಸುತ್ತಿದ್ದ ಯಾಕೋಬ ಮಾಸ್ತರರಿಗೆ ಕಾರ್ಡು ಬರೆದಿದ್ದರು. ಮಾಸ್ತರರು ಅದನ್ನು ಹಿಡಿದುಕೊಂಡೇ ಮಗ್ಗದ ಶೆಡ್ಡಿಗೆ ಬಂದರು. ಇಪ್ಪತ್ನಾಲ್ಕು ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಸಾತಪ್ಪ ಕಾರ್ಡು ಇಸಿದುಕೊಂಡು ತಾನೇ ಓದಿದ. ಒಲೆಯ ಮೇಲಿನ ಭಾಗ ಎಂಬಲ್ಲಿಗೆ ಬಂದು ಅವನ ಕಣ್ಣು ನಿಂತಿತು. ಬೆನ್ನ ಹಿಂದಿನ ಮಗ್ಗದಲ್ಲಿ ಎಳೆ ಹರಿದು ಬಟ್ಟೆ ಕೆಡುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಸಾತಪ್ಪನಿಗೆ ಆಗ ಇಪ್ಪತ್ತಾರು. ಗೋಕಾಕದ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ಕ್ರೈಸ್ತ ಮನೆತನ ಅವರದು. ಚರ್ಚಿನ ಪುಸ್ತಕದಲ್ಲಿ ಅವನ ಹೆಸರು ಸಾಮುವೇಲ. ಮನೆಯಲ್ಲಿ, ಶೆಡ್ಡಿನಲ್ಲಿ ಸಾತಪ್ಪ. ಹರಿದ ಎಳೆಗೆ ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಎರಡೇ ಬೆರಳು, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಗಂಟು ಬಿದ್ದಿರುತ್ತಿತ್ತು.

ತರುಣ ಸಂಘದವರು ಪ್ರತಿ ಮೇ ತಿಂಗಳು ಐದು ದಿನ ಒಂದು ಹಳ್ಳಿಗೆ ಹೋಗಿ, ಮಳೆ ಬೀಳುವ ಮೊದಲು ಬಡವರ ಮನೆ ದುರಸ್ತಿ ಮಾಡಿಕೊಟ್ಟು ಬರುತ್ತಿದ್ದರು. ಅದು ಮೂರನೆಯ ವರ್ಷ. ಹನ್ನೊಂದು ಜನ ಗಣಪತನ ವಾಡಿಗೆ ಹೋಗಿದ್ದರು. ಹಂಚಿನ ಬುಟ್ಟಿ ಮೇಲೆ ಎಳೆಯಲು ಹಗ್ಗ ಬೇಕಲ್ಲ, ಅದನ್ನು ಇಚಲಕರಂಜಿಯಿಂದಲೇ ಒಯ್ದಿದ್ದರು: ಮಗ್ಗದಲ್ಲಿ ಉಳಿದ ಹಾಸಿನ, ಎಂದರೆ ಉದ್ದೆಳೆಯ, ನೂಲನ್ನು ಬೆರಳು ದಪ್ಪ ಹೊಸೆದದ್ದು. ಧೋತರದ ಅಂಚಿನ ನೀಲಿ ಎಳೆಯೊಂದು ಅದರುದ್ದಕ್ಕೂ ಸುತ್ತಿಕೊಂಡು ಬಂದಿತ್ತು. ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ. ಹಗ್ಗ ಬೆತ್ತದ ಹಾಗೆ ಬಿರುಸಾಗಿತ್ತು.

ಗಣಪತ ಛಾವಣಿ ಕಟ್ಟಲು ಆ ಹಗ್ಗ ಮುಟ್ಟಗೊಡಲಿಲ್ಲ. ಅವನದು ಪುಂಡಿನಾರು. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಹಸಿಯಿರುವಾಗಲೇ ಕಟ್ಟಬೇಕು, ಒಣಗುತ್ತ ಅದು ತಾನೇ ಬಿಗಿದುಕೊಳ್ಳುತ್ತದೆ. ಹುಡುಗರು ಹಾಗೇ ಕಟ್ಟಿದರು. ಒಲೆಯ ಮೇಲಿನ ಕಟ್ಟುಗಳನ್ನು ಮಾತ್ರ ಮನೆಯ ಯಜಮಾನನೇ ಕಟ್ಟಬೇಕು. ಅದು ಗಣಪತನ ಮನೆತನದ ರೀತಿ, ಅವನ ಅಪ್ಪನೂ ಅಜ್ಜನೂ ಹಾಗೇ ಮಾಡಿದವರು.

ಕೊನೆಯ ದಿನ, ಮೇ ಇಪ್ಪತ್ತರ ಮುಂಜಾನೆ, ಆ ಕಟ್ಟು ಕಟ್ಟುತ್ತಿದ್ದಾಗಲೇ ಗಣಪತ ನಿಚ್ಚಣಿಕೆಯಿಂದ ಜಾರಿದ. ಮೊಣಕಾಲು ಬಾತಿತು. ನಾರೂ ಮುಗಿದಿತ್ತು. ಮೂರು ಜಂತಿಗಳ ತಲೆಯನ್ನು ನಡುತೊಲೆಗೆ ಬಿಗಿಯುವ ಮೂರು ಕಟ್ಟು ಉಳಿದವು. ಹೊಸ ನಾರು ನೆನೆಯಲು ಹಾಕಿ, ಎಮ್ಮೆಯ ಕೊಟ್ಟಿಗೆಗೆ ಕಡಿಮೆ ಬಿದ್ದ ಹಂಚು ತರಲು ಅವನು ಚಕ್ಕಡಿ ಹೂಡಿಕೊಂಡು ಕೋವಾಡಕ್ಕೆ ಹೋದ. ಉಳಿದ ಹುಡುಗರು ಶಾಲೆಯ ಗೋಡೆಗೆ ಸುಣ್ಣ ಹಚ್ಚುತ್ತಿದ್ದರು. ಮನೆಯ ಮೇಲೆ ಸಾತಪ್ಪ, ಕೆಳಗೆ ಹೌಸಾಬಾಯಿ.

"ಮಾವಶಿ, ಮೂರಽ ಕಟ್ಟ ಉಳದಾವು. ನಾ ಕಟ್ಟಿಬಿಡ್ಲೇನ್ರಿ?"

"ಬ್ಯಾಡಪಾ. ಒಲಿ ಮ್ಯಾಲಿಂದು ಅವರಽ ಕಟ್ಟಬೇಕು. ನಾರೂ ನೆನದಿಲ್ಲ ಇನ್ನಾ."

"ಅವರ ಮಣಕಾಲ ನೋಡೀರಿಲ್ಲೋ? ಮತ್ತ ಏರಿ ಬಿದ್ರಂದ್ರ?"

ಹೌಸಾಬಾಯಿಯ ಮನಸ್ಸಿನಲ್ಲೂ ಅದೇ ಇತ್ತು.

"ಯಾತರಲೆ ಕಟ್ತೀ?"

ಸಾತಪ್ಪ ನೀಲಿ ಎಳೆಯ ಹಗ್ಗದ ಎರಡು ತುದಿ ಹಿಡಿದು ಅವಳ ಮುಂದೆಯೇ ಗಂಟು ಹಾಕಿ ತೋರಿಸಿದ. ಮಗ್ಗದ ಗಂಟು. ಅವಳು ಎರಡೂ ಕೈಯಿಂದ ಜಗ್ಗಿದಳು, ಅದು ಜಗ್ಗಲಿಲ್ಲ.

"ಏ ಪೋರಾ, ನಮ್ಮ ಛಪ್ಪರಕ್ಕ ಧೋತರಾ ನೇಯಾಕ ಬಂದೀಯೇನ?"

"ಈ ಗಂಟ ಬಿಚ್ಚಿದ್ರ ನನ್ನ ಹೆಸರ ಬದಲ ಮಾಡ್ರಿ."

"ನಿನಗ ಆಗಲೇ ಎರಡ ಹೆಸರ ಅದಾವಂತ. ಮೂರನೇದು ನಾ ಎಲ್ಲಿಂದ ತರ್ಲಿ?"

ಇಬ್ಬರೂ ನಕ್ಕರು. ಅವನು ಕಟ್ಟಿದ. ಅವಳು ಬುಟ್ಟಿಯಲ್ಲಿ ಹಂಚು ತುಂಬಿ ತುಂಬಿ ಮೇಲೆ ಕೊಟ್ಟಳು. ಹಂಚು ಹೊಂದಿಸಿದ ಮೇಲೆ ಕೆಳಗಿನ ಕಟ್ಟು ಕಾಣುವಂತಿರಲಿಲ್ಲ. ಅವನು ಇಳಿದು ಬಂದಾಗ ಅವಳು ಶೇಂಗಾ, ಬೆಲ್ಲ ಕೈಗಿಟ್ಟು ದನಿ ತಗ್ಗಿಸಿದಳು.

"ಅವರಿಗೆ ಹೇಳಬ್ಯಾಡ. ಭಾಳ ಹಟದ ಮನಷಾ. ಗೊತ್ತಾದ್ರ ಏರಿ ಬಿಚ್ಚಿ ಮತ್ತ ಕಟ್ಟತಾರ. ನೀವಽ ಮುಂಜಾನೆ ಕಟ್ಟಿದ್ರಿ, ಮರತೀರಿ ಅಂತ ನಾ ಹೇಳ್ತೇನಿ."

ಮೂರು ಗಂಟೆಯ ಬಸ್ಸಿಗೆ ಸಂಘದವರು ಹೊರಟರು. ಗಣಪತ ಇನ್ನೂ ಬಂದಿರಲಿಲ್ಲ.

ಜುಲೈ ಹದಿನಾರು, ಶನಿವಾರ, ಯಾಕೋಬ ಮಾಸ್ತರರು, ಸಾತಪ್ಪ ಮತ್ತು ಇನ್ನಿಬ್ಬರು ವಾಡಿಗೆ ಬಂದರು. ಗಣಪತ ಪಡಸಾಲೆಯ ಕಂಬಕ್ಕೆ ಆನಿಕೊಂಡು ಕೂತಿದ್ದ. ಬಂದವರಿಗೆಲ್ಲ ಒಂದೇ ಮಾತು, ಅದೇ ಕ್ರಮದಲ್ಲಿ ಹೇಳುತ್ತಿದ್ದ.

"ಮೂರ ಕಟ್ಟ ಉಳದಿದ್ದು. ನನಗ ಪಕ್ಕಾ ನೆನಪಿತ್ತು. ಸಂಜೀಕ ಬಂದ ನೋಡ್ತೇನಿ, ಹಂಚ ಹೊಚ್ಚೈತಿ. ನೀವಽ ಕಟ್ಟಿದ್ರಿ, ಮರತೀರಿ ಅಂದ್ಲು. ಮಣಕಾಲ ನೋವಿತ್ತು. ಏರಿ ನೋಡಲಿಲ್ಲ."

ಗಡಹಿಂಗ್ಲಜದಿಂದ ಬಂದಿದ್ದ ಮಗಳು ಬಾಳಕ್ಕ ಒಳಗಿನಿಂದಲೇ ಕೂಗಿದಳು. "ಏರಿ ನೋಡಿದ್ರ ನಮ್ಮವ್ವ ಇರ್ತಿದ್ಲು. ಅಷ್ಟಽ ಹೇಳು. ಮಣಕಾಲಿನ ಮಾತ ಯಾಕ?"

ಸಾತಪ್ಪ ಎದ್ದು ಹಿತ್ತಲಿಗೆ ಹೋದ. ಬಿದ್ದ ಜಂತಿ, ಬಿದಿರು, ಹಂಚಿನ ಚೂರು ಅಲ್ಲಿ ರಾಶಿ ಹಾಕಿದ್ದರು. ಎರಡು ಜಂತಿಯ ತಲೆ ಬರಿದಾಗಿತ್ತು. ಮೂರನೆಯದರಲ್ಲಿ ಹಗ್ಗ ಇನ್ನೂ ಇತ್ತು, ನೀಲಿ ಎಳೆ ಕಾಣುತ್ತಿತ್ತು, ಗಂಟೂ ಇತ್ತು. ಅವನು ತುದಿ ಹಿಡಿದು ಎಳೆದ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಗಂಜಿ ನೆನೆದು ಅಂಬಲಿಯಾಗಿ ಬೆರಳಿಗೆ ಹತ್ತಿತು. ಮಗ್ಗದ ಮೇಲೆ ಎಳೆಗೆ ನೀರು ತಾಗುವುದಿಲ್ಲ, ಅದು ಸಡಿಲಾಗುವುದೂ ಇಲ್ಲ. ಛಾವಣಿಯ ಮೇಲೆ ಮಳೆ ಇತ್ತು, ಗಾಳಿ ಬಂದಾಗೊಮ್ಮೆ ಹಗ್ಗ ಬಿಗಿದು ಸಡಿಲಾಗಿತ್ತು. ಇಷ್ಟನ್ನು ಅವನು ಅಲ್ಲಿ ನಿಂತೇ ಲೆಕ್ಕ ಹಾಕಿದ. ಪಡಸಾಲೆ ಹದಿನೈದು ಹೆಜ್ಜೆ ದೂರದಲ್ಲಿತ್ತು. ಗಣಪತನ ದನಿ ಕೇಳುತ್ತಿತ್ತು, ಹೊಸದಾಗಿ ಬಂದ ಯಾರಿಗೋ ಅವನು ಅದನ್ನೇ ಮೊದಲಿನಿಂದ ಹೇಳುತ್ತಿದ್ದ. ಸಾತಪ್ಪ ಹಗ್ಗವನ್ನು ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡ.

ಮರಳುವಾಗ ಬಸ್ಸಿನಲ್ಲಿ ಯಾಕೋಬ ಮಾಸ್ತರರಿಗೆ ಎಲ್ಲವನ್ನೂ ಹೇಳಿದ. ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮಾಸ್ತರರು ಹೇಳಿದರು.

"ಈಗ ಹೇಳಿದ್ರ ಆಕಿ ತಿರಗಿ ಬರ್ತಾಳೇನು? ಹನ್ನೊಂದೂ ಹುಡುಗರ ಮ್ಯಾಲೆ ಬರ್ತೈತಿ. ಮದಲಽ ಇವರು ನಮ್ಮ ಊರಿಗೆ ಯಾಕ ಬರ್ತಾರ ಅಂತ ಕೇಳಾವರು ಅದಾರ. ಸ್ವಲ್ಪ ತಡಿ, ಸಾತಪ್ಪ."

ಅವನು ತಡೆದ. ಮಾಸ್ತರರ ಮಾತಿಗೆ ತಡೆದನೋ ತನ್ನ ಅಂಜಿಕೆಗೆ ತಡೆದನೋ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಶಾಲೆಯವರ ಎರಡನೆಯ ಕಾರ್ಡು ಬಂತು. ಗಣಪತ ಮಗಳನ್ನು ನೋಡಲು ಗಡಹಿಂಗ್ಲಜಕ್ಕೆ ಹೋಗಿದ್ದ, ಬಾಳಕ್ಕ ಹೊರಗೆ ಬರಲಿಲ್ಲ, ಕಟ್ಟೆಯ ಮೇಲೆ ಒಂದು ತಾಸು ಕೂತು ಅವನು ಎದ್ದು ಬಂದ ಎಂದು ಅದರಲ್ಲಿತ್ತು. ಹದಿನೆಂಟನೆಯ ತಾರೀಖು, ಭಾನುವಾರ, ಸಾತಪ್ಪ ಚರ್ಚಿಗೆ ಹೋಗಲಿಲ್ಲ. ಮೊದಲ ಬಸ್ಸಿಗೆ ಕೊಲ್ಹಾಪುರ, ಅಲ್ಲಿಂದ ಗಡಹಿಂಗ್ಲಜ, ಅಲ್ಲಿಂದ ಕೋವಾಡ. ಉಳಿದದ್ದನ್ನು ನಡೆದ. ಹೌಸಾಬಾಯಿ ಸತ್ತು ಅರವತ್ತೆಂಟು ದಿನವಾಗಿತ್ತು.

ಒಲೆಯ ಮೇಲೆ ತಾಡಪತ್ರಿ ಹೊದಿಸಿತ್ತು. ಗಣಪತ ಅವನನ್ನು ನೋಡಿ ತಂಬಿಗೆಯಲ್ಲಿ ನೀರು ತಂದಿಟ್ಟ. ಸಾತಪ್ಪ ನೀರು ಮುಟ್ಟದೆ, ನಿಂತುಕೊಂಡೇ ಎಲ್ಲ ಹೇಳಿದ.

"ನಿಮ್ಮ ಮಾಸ್ತರ ಕಳಸ್ಯಾರೇನು?"

"ಇಲ್ರಿ ಮಾಮಾ. ನಾನಽ ಬಂದೇನಿ."

"ನೀವೆಲ್ಲಾ ಭಾಳ ಚೊಲೋ ಮಂದಿ. ಮಂದಿ ಪಾಪಾ ತಮ್ಮ ತಲಿ ಮ್ಯಾಲೆ ಹೊತ್ಕೋಳದು ನಿಮ್ಮ ಧರ್ಮದಾಗ ಐತಂತ. ಮೇ ತಿಂಗಳದಾಗ ಮಾಸ್ತರರಽ ಹೇಳಿದ್ರಲ್ಲ, ಇಲ್ಲೇ ಕುಂತು. ಚೊಲೋ ಮಾತದು. ಆದ್ರ ಇದು ನಂದು. ಇದನ್ನ ನೀ ಹೊರಬ್ಯಾಡ."

"ಧರ್ಮದ ಮಾತಲ್ರಿ ಇದು. ಖರೇನ ನಾ ಕಟ್ಟಿದ್ದು." ಸಾತಪ್ಪ ಕಿಸೆಯಿಂದ ಹಗ್ಗ ತೆಗೆದ. "ಜಂತಿ ತಲಿಗೆ ಇತ್ರಿ ಇದು."

ಗಣಪತ ಹಗ್ಗ ನೋಡಿದ. ಆಮೇಲೆ ಪಡಸಾಲೆಯ ಆ ಮೂಲೆ ತೋರಿಸಿದ. ಅಲ್ಲಿ ಬಟ್ಟೆ ಒಣಹಾಕಲು ಕಟ್ಟಿದ್ದೂ ಅದೇ ಹಗ್ಗ, ಅದೇ ನೀಲಿ ಎಳೆ.

"ನೀವು ಬಿಟ್ಟ ಹೋದದ್ದು ಅಂಗಳದ ತುಂಬ ಬಿದ್ದಿತ್ತು. ಆಕೀನಽ ಆರಿಸಿ ಇಟ್ಟಿದ್ಲು."

"ಮಾವಶಿನಽ ಹಂಚ ಕೊಟ್ಟಾರ್ರಿ ನನಗ. ಅವರಿಗೆ ಹೇಳಬ್ಯಾಡ, ನೀವಽ ಕಟ್ಟಿದ್ರಿ ಅಂತ ನಾ ಹೇಳ್ತೇನಿ ಅಂದ್ರು."

ಗಣಪತನ ಮುಖ ಬದಲಾಯಿತು. ಅಲ್ಲಿಯವರೆಗೆ ಇದ್ದ ಕನಿಕರ ಹೋಯಿತು.

"ಮೂವತ್ತಮೂರ ವರ್ಷ ಸಂಸಾರ ಮಾಡೇವಿ. ನನಗ ಒಂದ ಸುಳ್ಳ ಹೇಳಿಲ್ಲ ಆಕಿ. ಆವತ್ತ ನಾ ಕಟ್ಟೇನಿ ಅಂತ ಖರೇ ತಿಳದಾಳ, ಅದಕ್ಕ ಹೇಳ್ಯಾಳ. ಸತ್ತಾಕಿ ಮ್ಯಾಲೆ ಸುಳ್ಳ ಹಾಕಬ್ಯಾಡಪಾ. ನೀರ ಕುಡಿ. ನಾಕಕ್ಕ ಬಸ್ಸೈತಿ."

ಸಾತಪ್ಪ ಮತ್ತೆ ಎರಡು ಸಲ ಹೇಳಿ ನೋಡಿದ. ಗಣಪತ ಎದ್ದು ಎಮ್ಮೆಗೆ ಮೇವು ಹಾಕಲು ಹೋದ.

ಬಾಳಕ್ಕನ ಮನೆ ಗಡಹಿಂಗ್ಲಜದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮರಳುವಾಗ ಸಾತಪ್ಪ ಅಲ್ಲಿಗೆ ಹೋದ. ಅವಳು ಹೊಸ್ತಿಲ ಮೇಲೆ ಕೂತು, ಅವನನ್ನು ಹೊರಗೇ ನಿಲ್ಲಿಸಿ ಕೇಳಿದಳು. ಅವ್ವ ದನಿ ತಗ್ಗಿಸಿ ಹೇಳಿದ ಮಾತಿಗೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು.

"ನಂಬತೇನಿ. ಅವ್ವ ಹಿಂಗಽ ಮಾಡಾಕಿ. ಅಪ್ಪಗ ದಿನಾ ಎರಡ ಸುಳ್ಳ ಹೇಳಾಕಿ. ತಾನಽ ಮಣಕಾಲಿಗೆ ಎಣ್ಣಿ ತಂದ ಇಟ್ಟು, ಬಾಳಕ್ಕ ಕಳಿಸ್ಯಾಳ ಅನ್ನಾಕಿ. ಇಲ್ಲಂದ್ರ ಹಚ್ಚಿಕೊಳ್ತಿರಲಿಲ್ಲ ಅವರು." ಆಮೇಲೆ ಕೇಳಿದಳು. "ಜಂತಿಗೆ ಕಟ್ಟಿದ್ದ ಇತ್ತಂದಿ. ಅದಽ ಹೊತ್ತಿಗೆ ನಮ್ಮಪ್ಪನ್ನ ಯಾಕ ಕರೀಲಿಲ್ಲ? ಕಣ್ಣಿಲೆ ನೋಡತಿದ್ರಲ್ಲ."

ಸಾತಪ್ಪನ ಕೈ ಕಿಸೆಯಲ್ಲಿದ್ದ ಹಗ್ಗದ ಮೇಲೆ ಹೋಯಿತು.

"ಬಿಚ್ಚಿ ಕಿಸೇದಾಗ ಇಟ್ಟಕೊಂಡಿ," ಎಂದಳು ಬಾಳಕ್ಕ. ಬೈಯುವ ದನಿಯಲ್ಲ ಅದು. "ಹೋಗು. ಬಸ್ ತಪ್ತೈತಿ."

ಆ ಗುರುವಾರ ಬಾಳಕ್ಕ ವಾಡಿಗೆ ಹೋದಳು. ಎಣ್ಣೆಯ ವಿಷಯದಿಂದ ಹಿಡಿದು ಎಲ್ಲವನ್ನೂ ಅಪ್ಪನಿಗೆ ಹೇಳಿದಳು. ಎಣ್ಣೆ ಮಗಳು ಕಳಿಸಿದ್ದೇ, ಹೌಸಾ ಸುಳ್ಳು ಹೇಳುವವಳಲ್ಲ ಎಂದ ಗಣಪತ. ಎರಡು ದಿನ ಇದ್ದು ಅವಳು ಮರಳಿದಳು. ಆಮೇಲೆ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು, ಆ ಮಾತು ಮತ್ತೆ ತೆಗೆಯಲಿಲ್ಲ.

೧೯೮೪ರ ಮೇ ತಿಂಗಳಲ್ಲಿ ತರುಣ ಸಂಘದವರು ದಾನೋಳಿಗೆ ಹೋದರು. ಸಾತಪ್ಪ ಹೋಗಲಿಲ್ಲ. ಅದೇ ತಿಂಗಳು ಗಣಪತ ಒಲೆಯನ್ನು ಪಡಸಾಲೆಯ ಮೂಲೆಗೆ ಸರಿಸಿದ. ಹಳೆಯ ಒಲೆಯ ಮೇಲಿನ ಮೂರು ಜಂತಿಯ ಜಾಗವನ್ನು ಅವನು ಕಟ್ಟಲಿಲ್ಲ, ಬೇರೆ ಯಾರಿಗೂ ಕಟ್ಟಗೊಡಲಿಲ್ಲ.