ತುದಿ ಮುರಿದ ಟೇಪು

"ಇನ್ನೊಂದು ಕೊಂಡಿ ಬಿಡಿ ಮಾಮ. ನಿಧಾನಕ್ಕೆ," ಎಂದಳು ಮಗಳು.

ಸರಪಳಿ ಹಿಡಿದಿದ್ದವನು ಟಿಂಕರಿಂಗ್ ಕೆಲಸದ ಮೌನಿ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಆ ಹೆಸರು. ಈಗ ಮಾತ್ರ ಅವನೂ ಉಸಿರು ಬಿಗಿಹಿಡಿದಿದ್ದ. ಶೆಡ್ಡಿನ ತೊಲೆಗೆ ತೂಗುಬಿದ್ದಿದ್ದ ಎಂಜಿನ್ನು ಗೇರ್‌ಬಾಕ್ಸಿನ ಸಮೇತ ಕೆಂಪು ಕಾರಿನ ಉದ್ದ ಮೂತಿಯೊಳಕ್ಕೆ ಕೂದಲೆಳೆಯಷ್ಟು ಇಳಿಯಿತು, ಮತ್ತಷ್ಟು ಇಳಿಯಿತು. ಮಗಳು ಒಂದು ಕೈಯನ್ನು ಎಂಜಿನ್ನಿನ ಪಕ್ಕಕ್ಕೆ ಒತ್ತಿಹಿಡಿದು, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಬಗ್ಗಿದ್ದಳು. ಎದುರುಗಡೆ ಅಪ್ಪ ಕೈಕಟ್ಟಿ ನಿಂತಿದ್ದರು.

ಲೋಹಕ್ಕೆ ಲೋಹ ತಾಗಿದ ಸಣ್ಣ ಸದ್ದಾಯಿತು. ದೊಡ್ಡದೇನಲ್ಲ, ಲೋಟದ ಅಂಚಿಗೆ ಚಮಚ ತಾಗಿದಷ್ಟು. ಮೂವರಿಗೂ ಕೇಳಿಸಿತು.

ಅವಳು ಬೆಳಕು ಬಿಟ್ಟು ನೋಡಿದಳು. ಬೋಲ್ಟಿನ ರಂಧ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ಆದರೆ ಎಂಜಿನ್ನಿನ ಹಿಂಭಾಗ ತಗಡಿನ ಗೋಡೆಗೆ ಅಂಟಿಕೊಂಡು ನಿಂತಿತ್ತು. ಎಂಜಿನ್ನು ಇರುವ ಜಾಗವನ್ನೂ ಮನುಷ್ಯರು ಕೂರುವ ಜಾಗವನ್ನೂ ಬೇರೆ ಮಾಡುವ ಗೋಡೆ ಅದು. ನಡುವೆ ಎರಡು ಸೆಂಟಿಮೀಟರ್ ಸಂದು ಇರಬೇಕಿತ್ತು. ಒಂದು ಹಾಳೆ ತೂರಿಸುವಷ್ಟೂ ಜಾಗವಿರಲಿಲ್ಲ.

"ಹೀಗೇ ಬಿಟ್ಟರೆ ಗಾಡಿ ಶುರು ಮಾಡಿದ ಕೂಡಲೇ ಡೋಲು ಬಾರಿಸ್ತದೆ," ಎಂದ ಮೌನಿ, ಮಾತು ಮರಳಿ ಪಡೆದವನಂತೆ. "ಎರಡು ಬೆರಳಷ್ಟು ಗೋಡೆ ಕತ್ತರಿಸಿ ಹಿಂದಕ್ಕೆ ಬಾಗಿಸಿದ್ರೆ ಆಯ್ತು ಇಂಜಿನಿಯರಮ್ಮ. ಹತ್ತು ನಿಮಿಷದ ಕೆಲಸ. ಗ್ರೈಂಡರ್ ತರಲಾ?"

ಕತ್ತರಿಸುವ ಮಾತು ಆ ಶೆಡ್ಡಿನಲ್ಲಿ ಆಡುವ ಹಾಗಿರಲಿಲ್ಲ.

ಅವಳು ಹುಟ್ಟುವ ಮೊದಲು ಅಪ್ಪ ಆ ಎರಡು ಸೀಟಿನ ಕಾರನ್ನು ಅರ್ಧ ತುಕ್ಕಾಗಿದ್ದ ಸ್ಥಿತಿಯಲ್ಲಿ ಎಳೆದು ತಂದಿದ್ದರು. ಒಳಗಿನ ಗೋಡೆ ಹಪ್ಪಳದಂತೆ ಉದುರಿಹೋಗಿತ್ತಂತೆ. ಹೊಸ ತಗಡನ್ನು ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಅವರೇ ರೂಪಿಸಿದ್ದರು, ಇನ್ನೊಂದು ತುದಿಯನ್ನು ಹಿಡಿದು ಕೂತವಳು ಅಮ್ಮ. ಬಣ್ಣದ ಕೆಳಗೆ ಸುತ್ತಿಗೆಯ ಗುರುತುಗಳು ಈಗಲೂ ಬೆರಳಿಗೆ ಸಿಗುತ್ತಿದ್ದವು. ಮೂಲ ಎಂಜಿನ್ನು ಎರಡು ಸಲ ಬಿರುಕುಬಿಟ್ಟು, ಎರಡು ಸಲವೂ ಬೆಸುಗೆ ಹಾಕಿಸಿಕೊಂಡು, ಮೂರನೆಯ ಸಲ ಕೈಯೆತ್ತಿತ್ತು. ಕಾರು ನಾಲ್ಕು ವರ್ಷದಿಂದ ಹೊದಿಕೆಯ ಕೆಳಗಿತ್ತು.

ಹೊಸ ಎಂಜಿನ್ನು ಕೂರಿಸೋಣ ಎಂದು ಮಗಳು ಹೇಳಿದಾಗ ಅಪ್ಪ ಎರಡು ತಿಂಗಳು ಆ ಮಾತೇ ಕೇಳಿಸದವರಂತೆ ಇದ್ದರು. ಕೊನೆಗೆ ಒಂದು ದಿನ ತಿಂಡಿ ತಿನ್ನುತ್ತಾ ಒಪ್ಪಿದರು, ಒಂದೇ ಷರತ್ತಿನ ಮೇಲೆ. ಕಾರಿನ ಮೈಗೆ ಗರಗಸ ಮುಟ್ಟಕೂಡದು. ಕತ್ತರಿಸದೆ ಕೂತರೆ ಕೂರಲಿ. ಕತ್ತರಿಸಬೇಕೆಂದಾದರೆ ಹೊಸದು ಹೊರಕ್ಕೆ, ಕಾರಿಗೆ ಮತ್ತೆ ಹೊದಿಕೆ, ಮತ್ತೆ ಯಾರೂ ಆ ಸುದ್ದಿ ಎತ್ತುವಂತಿಲ್ಲ. ಅಪ್ಪ ಆಡಿದ ಮಾತನ್ನು ತಿರುಗಿಸುವವರಲ್ಲ. ಅವಳೂ ಹಿಂದೆಮುಂದೆ ನೋಡದೆ ಒಪ್ಪಿದ್ದಳು. ಕೂರುತ್ತದೆಂದು ಅವಳಿಗೆ ಗೊತ್ತಿತ್ತು.

ಈಗ ಅವಳು ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಅಲ್ಲಿ ಬೇಸರವಿತ್ತು. ಬೇಸರದ ಪಕ್ಕದಲ್ಲೇ ಇನ್ನೊಂದೂ ಇತ್ತು. ಬೇಡದ ಪ್ರಯಾಣವೊಂದು ತಾನಾಗಿಯೇ ರದ್ದಾದಾಗ ಮುಖದ ಮೇಲೆ ಬರುವಂಥದ್ದು. ಅದನ್ನು ನೋಡಬಾರದಿತ್ತೇನೋ ಅನ್ನಿಸಿ ಅವಳು ಕಣ್ಣು ಕೆಳಗಿಳಿಸಿದಳು.

"ಪ್ರಯತ್ನ ಮಾಡಿದೆಯಲ್ಲ ಪುಟ್ಟಿ, ಸಾಕು," ಎಂದರು ಅಪ್ಪ ಮೆಲ್ಲಗೆ. "ಮೇಲೆತ್ತಿ ಬಿಡೋಣ."

"ಕಾಲು ಗಂಟೆ ಕೊಡಪ್ಪ."

ಮೂವತ್ತನಾಲ್ಕು ವರ್ಷದ ಪುಟ್ಟಿ ಮೇಜಿನ ಹತ್ತಿರ ಹೋಗಿ ಕೈಯೊರೆಸಿಕೊಂಡು ನೋಟ್‌ಬುಕ್ ತೆರೆದಳು. ಅವಳಿಗೆ ಭಯವಾಗಿರಲಿಲ್ಲ. ತಪ್ಪು ಸುಮ್ಮನೆ ಎಲ್ಲೆಲ್ಲೋ ಚೆಲ್ಲಿರುವುದಿಲ್ಲ, ಅದಕ್ಕೂ ಒಂದು ವಿಳಾಸವಿರುತ್ತದೆ ಎಂಬುದು ಈ ಶೆಡ್ಡಿನಲ್ಲೇ ಕಲಿತದ್ದು. ಒಂದು ಬೆರಳಲ್ಲ, ಮೂರು ಬೆರಳಲ್ಲ, ಸರಿಯಾಗಿ ಎರಡು ಸೆಂಟಿಮೀಟರ್ ಎಲ್ಲಿಗೆ ಹೋಯಿತು?

ಎಂಜಿನ್ನಿನ ಅಳತೆಯೆಲ್ಲ ಅವಳೇ ತನ್ನ ಉಕ್ಕಿನ ಸ್ಕೇಲಿನಲ್ಲಿ ತೆಗೆದಿದ್ದಳು. ಕಾರಿನೊಳಗಿನ ಅಳತೆ ಮಾತ್ರ ಅಪ್ಪನದು. ಅವರು ಮೂತಿಯೊಳಗೆ ತಲೆ ತೂರಿಸಿ, ತಮ್ಮ ಹಳೆಯ ಟೇಪು ಹಿಡಿದು, ಒಂದೊಂದೇ ಅಂಕಿ ಕೂಗಿದ್ದರು. ಅವಳು ಹೊರಗೆ ನಿಂತು ಬರೆದುಕೊಂಡಿದ್ದಳು. ಗೋಡೆಯಿಂದ, ಎಂಜಿನ್ನು ಹೊತ್ತಿದ್ದ ಹಳೆಯ ಬ್ರಾಕೆಟ್ಟಿನ ಗುರುತಿಗೆ ನಲವತ್ತೆರಡು; ಹೊಸದೂ ಅದೇ ಜಾಗದಲ್ಲಿ ಕೂರಬೇಕೆಂದು ಹೊಸ ಬ್ರಾಕೆಟ್ಟಿನ ರಂಧ್ರವನ್ನು ಅವಳು ಅಷ್ಟೇ ದೂರಕ್ಕೆ ಬರುವಂತೆ ಕೊರೆದಿದ್ದಳು. ಆ ನಲವತ್ತೆರಡರ ಪಕ್ಕದಲ್ಲಿ, ತನಗೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಪೆನ್ಸಿಲಿನಲ್ಲಿ ಬರೆದಿತ್ತು: ನಲವತ್ತನಾಲ್ಕರಲ್ಲಿ ಎರಡು ಕಳೆ.

ಟೇಪಿನ ತುದಿ ಮುರಿದು ಮೂರು ತಿಂಗಳಾಗಿತ್ತು. ಮೊದಲ ಎರಡು ಸೆಂಟಿಮೀಟರ್ ಇಲ್ಲದ್ದರಿಂದ ಅದು ಎಲ್ಲವನ್ನೂ ಎರಡು ಹೆಚ್ಚು ತೋರಿಸುತ್ತಿತ್ತು. ಅಪ್ಪ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪನ ಎದುರು ಕೆಲವು ಮಾತುಗಳನ್ನು ಅವಳು ಸುತ್ತು ಹಾಕಿ ದಾಟುತ್ತಿದ್ದಳು. ಟೇಪು ಮುರಿದದ್ದನ್ನು ಅವರು ಗಮನಿಸಿಲ್ಲವೆಂದುಕೊಂಡು, ಕೂಗಿದ ಪ್ರತಿ ಅಂಕಿಯಲ್ಲೂ ಸದ್ದಿಲ್ಲದೆ ಎರಡು ಕಳೆದಿದ್ದಳು.

ಅವಳು ಸ್ಕೇಲು ತೆಗೆದುಕೊಂಡು ಹೋಗಿ ಗೋಡೆಯಿಂದ ಹಳೆಯ ಬ್ರಾಕೆಟ್ಟಿನ ಗುರುತಿಗೆ ಅಳೆದಳು. ನಲವತ್ತನಾಲ್ಕು.

ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಕೂಗುವ ಮೊದಲೇ ಅವರು ಎರಡು ಕಳೆದಿದ್ದರು; ಅವಳು ಮತ್ತೆ ಕಳೆದದ್ದರಿಂದ ಹೊಸ ರಂಧ್ರಗಳು ಗೋಡೆಗೆ ಎರಡು ಸೆಂಟಿಮೀಟರ್ ಹತ್ತಿರ ಬಿದ್ದಿದ್ದವು.

ಲೆಕ್ಕ ತಪ್ಪಿದೆ, ನನ್ನದೇ ತಪ್ಪು ಎಂದು ಹೇಳಿ ಮುಗಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಯಾವ ಲೆಕ್ಕ ಎಂದು ಅಪ್ಪ ಕೇಳದೆ ಬಿಡುವವರಲ್ಲ. ಬಿಡಿಸಿ ಹೇಳಿದರೆ, ಮೂರು ತಿಂಗಳಿಂದ ಅವರ ಬೆನ್ನ ಹಿಂದೆ ಅವರ ಕೆಲಸ ತಿದ್ದುತ್ತಿದ್ದೆ ಎಂದು ಹೇಳಿದಂತೆ.

ಅವಳು ನೋಟ್‌ಬುಕ್ಕನ್ನೇ ಅವರ ಕೈಗೆ ಕೊಟ್ಟಳು.

ಅಪ್ಪ ಕನ್ನಡಕ ಏರಿಸಿಕೊಂಡು ಬಾಗಿಲ ಬೆಳಕಿಗೆ ಹೋದರು. ಮೊದಲ ಪುಟ ಓದಿದರು, ಎರಡನೆಯದನ್ನು ಓದಿದರು. ಪ್ರತಿ ಅಂಕಿಯ ಪಕ್ಕದಲ್ಲೂ ಇರುವೆಯಂಥ ಪೆನ್ಸಿಲ್ ಅಕ್ಷರಗಳು. ಬೆರಳಿಟ್ಟು ಒಂದೊಂದನ್ನೇ ದಾಟುತ್ತಾ ಹೋದರು. ಮೌನಿ ಏನೋ ಕೇಳಲು ಬಾಯಿ ತೆರೆದವನು ಇಬ್ಬರ ಮುಖ ನೋಡಿ ಮುಚ್ಚಿಕೊಂಡ.

"ಯಾವಾಗಿಂದ ಗೊತ್ತು ನಿನಗೆ?"

"ಮುರಿದ ಮಾರನೇ ದಿನದಿಂದ. ನೀನೇ ಟೇಪನ್ನು ಮೇಜಿನ ಮೇಲೆ ಬಿಟ್ಟುಹೋಗಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಹೇಳಬಾರದಿತ್ತಾ ಅಪ್ಪ?"

ಅಪ್ಪ ಜೇಬಿನಿಂದ ಟೇಪು ತೆಗೆದು ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಅದು ಕಾರಿನ ಗಾಲಿಯ ಕೆಳಗೆ ಸಿಕ್ಕಿತಂತೆ, ತಾವೇ ದೂಡುವಾಗ. ಕೆಳಗೆ ಬಿದ್ದದ್ದು ಕಾಣಲಿಲ್ಲ ಎಂದರು. ಅದನ್ನು ಹೇಳುವಾಗ ಅವಳ ಕಡೆ ನೋಡಲಿಲ್ಲ, ಟೇಪಿನ ಕಡೆ ನೋಡಿದರು.

ಅಷ್ಟರಲ್ಲಿ ಚಹಾ ತಂದ ಅಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, "ಒಂದೇ ಪಾತ್ರೆಗೆ ಇಬ್ಬರೂ ಉಪ್ಪು ಹಾಕಿದ ಹಾಗಾಯ್ತು," ಎಂದಳು. "ಒಬ್ಬರಿಗೊಬ್ಬರು ಹೇಳದೆ. ತಿನ್ನೋರ ಗತಿ ಏನು?"

ಮೌನಿಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮೀಸೆಯೂ ಒಂದು ಬದಿ ಅಲುಗಿತು. ಆದರೆ ನಗು ಅಲ್ಲೇ ನಿಂತಿತು. ಅವರು ಕಾರಿನ ಮೂತಿಯೊಳಕ್ಕೆ ನೋಡಿದರು. ಮುಂದಿನ ರೇಡಿಯೇಟರಿನವರೆಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳಿದರು. ಅವಳು ನೋಟ್‌ಬುಕ್ ನೋಡದೆ ಹೇಳಿದಳು. ಎರಡು ಮುಂದಕ್ಕೆ ಸರಿಸಿದರೂ ಫ್ಯಾನಿಗೆ ಒಂದು ಅಂಗೈ ಅಗಲ ಇರುತ್ತದೆ.

"ಗೋಡೆ ಮುಟ್ಟೋದು ಬೇಡ?"

"ಬೇಡ. ಮುಟ್ಟೋದಿಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ."

ಮೂಲೆಯಲ್ಲಿ ಹಳೆಯ ಎಂಜಿನ್ನು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅಮ್ಮ ಅದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿದ್ದಳು, ನೀಲಿ ಹೂಗಳದ್ದು. ಅಪ್ಪ ಒಮ್ಮೆ ಅತ್ತ ನೋಡಿದರು. ಆಮೇಲೆ ಚಹಾ ಒಂದೇ ಗುಟುಕಿಗೆ ಮುಗಿಸಿ, "ಮೇಲೆತ್ತು ಮಾರಾಯ," ಎಂದರು ಮೌನಿಗೆ. "ಹೊರಕ್ಕಲ್ಲ. ಬ್ರಾಕೆಟ್ ಬಿಚ್ಚೋಕೆ."

ಇದ್ದ ಬ್ರಾಕೆಟ್ಟಿನಲ್ಲೇ ಪಕ್ಕಕ್ಕೆ ಹೊಸ ರಂಧ್ರ ಕೊರೆದರೆ ಸಾಕು ಎಂದು ಮೌನಿಯ ವಾದ. ಅವಳು ಒಪ್ಪಲಿಲ್ಲ. ಅಕ್ಕಪಕ್ಕ ಎರಡು ರಂಧ್ರ ಬಿದ್ದ ತಗಡು ಎಂಜಿನ್ನಿನ ಅದುರಾಟ ಎಷ್ಟು ದಿನ ತಡೆದೀತು? ಅದೇ ದಪ್ಪದ ಉಕ್ಕಿನ ತುಂಡು ಉಳಿದಿತ್ತು. ಅದರಲ್ಲಿ ಗೀರು ಹಾಕಿ, ಕತ್ತರಿಸಿ, ಅಂಚು ಉಜ್ಜಿ, ಎರಡು ಹೊಸ ಬ್ರಾಕೆಟ್ ಮಾಡಿದಳು. ಅಪ್ಪ ಡ್ರಿಲ್ ಹಿಡಿದರು, ಅವಳು ಎಣ್ಣೆ ಬಿಟ್ಟಳು. ಉಕ್ಕಿನ ಸುರುಳಿಗಳು ಬಿಸಿಬಿಸಿಯಾಗಿ ನೆಲದ ಮೇಲೆ ಉದುರಿದವು. ಮಧ್ಯಾಹ್ನದ ಊಟಕ್ಕೆ ಅಮ್ಮ ಎರಡು ಸಲ ಕರೆದಳು, ಮೂರನೆಯ ಸಲ ಮೌನಿಯೊಬ್ಬನೇ ಹೋದ.

ಅವನು ಕೈಯೊರೆಸಿಕೊಂಡು ಅಮ್ಮನ ಜೊತೆ ಮರಳಿದಾಗ ಬ್ರಾಕೆಟ್ಟುಗಳು ಕೂತಾಗಿತ್ತು. ಸರಪಳಿ ಮತ್ತೆ ಕಟಕಟನೆ ಇಳಿಯಿತು. ಈ ಸಲ ಅಪ್ಪ ಕೈಕಟ್ಟಿ ನಿಲ್ಲಲಿಲ್ಲ. ಅವರ ಕೈ ಎಂಜಿನ್ನಿನ ಒಂದು ಪಕ್ಕದಲ್ಲಿತ್ತು, ಅವಳದು ಇನ್ನೊಂದರಲ್ಲಿ. ಮೌನಿ ಕೊನೆಯ ಕೊಂಡಿ ಬಿಟ್ಟ. ಬೋಲ್ಟುಗಳು ಬೆರಳಿನಿಂದ ತಿರುಗಿಸಿದರೇ ಒಳಗೆ ಹೋದವು. ಯಾವ ಸದ್ದೂ ಬರಲಿಲ್ಲ.

ಅವಳು ಸ್ಕೇಲಿಗಾಗಿ ಕೈ ಚಾಚಿದಳು. ಅದಕ್ಕೆ ಮೊದಲೇ ಅಪ್ಪ ತಮ್ಮ ಟೇಪು ತೆಗೆದು, ಎಂಜಿನ್ನಿಗೂ ಗೋಡೆಗೂ ನಡುವೆ ತಲೆ ಬಗ್ಗಿಸಿದ್ದರು. ಅವಳು ಸ್ಕೇಲು ಬಿಟ್ಟು ನೋಟ್‌ಬುಕ್ ತೆರೆದಳು.

"ನಾಲ್ಕು," ಎಂದು ಕೂಗಿದರು ಅಪ್ಪ. ತಲೆಯೆತ್ತಿ, ಕನ್ನಡಕದ ಮೇಲಿಂದ ಅವಳನ್ನು ನೋಡುತ್ತಾ ಕಾದರು.

ಅವಳು ಎರಡು ಎಂದು ಬರೆದಳು. ಕಾರಿನ ಆಚೆ ಬದಿಯಿಂದ ಬಗ್ಗಿ ಟಾರ್ಚ್ ಹಿಡಿದಿದ್ದ ಅಮ್ಮನ ಬೆಳಕು ಆ ಸಂದಿನಲ್ಲಿ ಹಾದು, ಗೋಡೆಯ ಮೇಲಿನ ಸುತ್ತಿಗೆಯ ಗುರುತುಗಳನ್ನು ಒಂದೊಂದಾಗಿ ತೋರಿಸುತ್ತಾ ಈಚೆಗೆ ಬಿತ್ತು.