ಅರ್ಜಿಯಲ್ಲಿ ಬಿಟ್ಟ ನಾಲ್ಕು ವರ್ಷ

ಸಾಂಕ್ರಾಮಿಕ ರೋಗ ವಿಭಾಗದ ಮುಖ್ಯಸ್ಥೆಯ ಹುದ್ದೆಗೆ ಡಾಕ್ಟರ್ ದೆಸಾಂಕಾ ಸಲ್ಲಿಸಿದ್ದ ಅರ್ಜಿಯಲ್ಲಿ ಇಪ್ಪತ್ತೆರಡು ವರ್ಷಗಳ ಅನುಭವ ತಿಂಗಳು ಸಮೇತ ದಾಖಲಾಗಿತ್ತು. ವೈದ್ಯಕೀಯ ಓದುವ ಮುಂಚಿನ ನಾಲ್ಕು ವರ್ಷಗಳನ್ನು ಮಾತ್ರ ಬಿಟ್ಟಿದ್ದಳು. ಆಗ ಆಕೆ ಸ್ರೆಮ್ ಸೀಮೆಯ ಪಶುವೈದ್ಯ ಠಾಣೆಯೊಂದರಲ್ಲಿ, ಹಳ್ಳಿಗರು ತರುವ ಹಂದಿಮಾಂಸದ ಚೂರುಗಳನ್ನು ಗಾಜುಗಳ ನಡುವೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮರಿಗಳನ್ನು ಹುಡುಕುತ್ತಿದ್ದಳು. ಆಸ್ಪತ್ರೆಯ ನಿರ್ದೇಶಕ ತಾದಿಚ್ ಮೂರು ತಲೆಮಾರಿನ ಪ್ರಾಧ್ಯಾಪಕರ ಮನೆತನದವನು. ಇದು ತಿಳಿದರೆ ಹುದ್ದೆ ಕೈತಪ್ಪುವುದೆಂದು ಆಕೆ ನಂಬಿದ್ದಳು.

ಅರ್ಜಿ ತಿದ್ದಲು ಕೊನೆಯ ದಿನ, ರೋಗಿಗಳನ್ನು ನೋಡುವ ಬೆಳಗಿನ ಸುತ್ತಿನಲ್ಲಿ ತಾದಿಚ್ ತಾನೂ ಬಂದ. ಮೂರನೆಯ ಹಾಸಿಗೆಯ ರೈತ ಒಬ್ರಾದನ ರೆಪ್ಪೆಗಳು ಊದಿದ್ದವು. ಜ್ವರ, ಮೈತುಂಬ ಸ್ನಾಯುನೋವು. ರಕ್ತಪರೀಕ್ಷೆ ಹಂದಿಯ ಹುಳುವನ್ನೇ ಸೂಚಿಸುತ್ತಿತ್ತು. ಮನೆಯಲ್ಲೇ ಕೊಯ್ದ ಹಂದಿಯ, ಸಾಸೇಜಿಗೆಂದು ಕಲಸಿದ ಹಸಿ ಮಾಂಸವನ್ನು ಉಪ್ಪು ನೋಡಲೆಂದು ಬಾಯಿಗೆ ಹಾಕಿಕೊಂಡವನು ಅವನೊಬ್ಬನೇ.

“ಎಷ್ಟು ಸಲ ಹೇಳ್ಲಿ ಡಾಕ್ಟ್ರಮ್ಮ, ಮಾಂಸ ಪರೀಕ್ಷೆ ಆಗಿದೆ, ಸೀಲಿದೆ. ಇದು ಬರೀ ಫ್ಲೂ.”

“ಯಾವ ಭಾಗದ ಚೂರು ಕೊಟ್ರಿ?”

“ಹಂದಿಯ ಭಾಗದ್ದು!”

ಕಿರಿಯ ವೈದ್ಯರು ನಕ್ಕರು.

“ಹುಳು ಜಾಸ್ತಿ ಇರೋದು ಎದೆಗೂ ಹೊಟ್ಟೆಗೂ ನಡುವಿನ ಪೊರೇಲಿ. ಅದನ್ನ ಅವತ್ತು ಬೆಳಿಗ್ಗೇನೇ ಹುರಿದು, ಹಂದಿ ಕೊಯ್ಯೋಕೆ ಬಂದೋರಿಗೆ ಬ್ರಾಂದಿ ಜೊತೆ ಬಡಿಸಿಬಿಟ್ರಿ. ಠಾಣೆಗೆ ಭುಜದ ಚೂರು ಕಳಿಸಿದ್ರಿ. ಅಲ್ವಾ?”

ಒಬ್ರಾದ್ ಒಂದು ಕಣ್ಣು ತೆರೆದ. “ಯಾರು ಹೇಳಿದ್ದು? ನನ್ನ ಭಾವಮೈದನಾ?”

“ನನಗೂ ಕುತೂಹಲ,” ಎಂದ ತಾದಿಚ್. “ಇದು ಯಾವ ಪುಸ್ತಕದಲ್ಲಿದೆ?”

ಊಹೆ ಎಂದು ಆಕೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಶನಿವಾರ ಒಬ್ರಾದನ ಮನೆತನದ ಸಂತನ ಹಬ್ಬ. ನಲವತ್ತು ಅತಿಥಿಗಳಿಗೆಂದು, ಬೇಯಿಸದೆ ತಿನ್ನುವ ಸಾಸೇಜು ಹೊಗೆಯಲ್ಲಿ ಒಣಗಲು ತೂಗುತ್ತಿತ್ತು. ಇವನು ಒಪ್ಪದೆ ಅದು ಕೆಳಗಿಳಿಯುತ್ತಿರಲಿಲ್ಲ.

“ಪುಸ್ತಕದ್ದಲ್ಲ. ನಾಲ್ಕು ವರ್ಷ ಠಾಣೇಲಿ ಕೂತು ಚೂರು ನೋಡಿದೀನಿ. ಭುಜದ್ದು ತಂದೋರೆಲ್ಲ, ಪೊರೆ ಬೆಕ್ಕು ತಿಂದ್ಬಿಡ್ತು ಅಂತಿದ್ರು.”

ಒಬ್ರಾದನಿಗೆ ನಗು ಬಂತು. ದವಡೆ ನೋವಿಗೆ ಅರ್ಧಕ್ಕೇ ನಿಂತಿತು. “ನಾನೂ ಬೆಕ್ಕಿನ ಮೇಲೇ ಹಾಕ್ದೆ. ಹಂದಿ ಡಾಕ್ಟ್ರು ಅಂತ ಮೊದಲೇ ಹೇಳೋದಲ್ವೇನಮ್ಮ? ಐದು ದಿನ ಸುಮ್ನೆ ಸುಳ್ಳು ಹೇಳಿಸಿದ್ರಿ. ಫೋನ್ ಕೊಡಿ.” ಹೆಂಡತಿಗೆ ಹೇಳಿದ್ದು ಇಷ್ಟೇ: “ಸ್ತಾನಿಯಾ, ಸಾಸೇಜು ಯಾರೂ ಮುಟ್ಬೇಡಿ. ಎಲ್ಲಾ ಇಳಿಸಿ ಠಾಣೆಗೆ ಕೊಡು. ಹಬ್ಬಕ್ಕೆ ಕುರಿ ಹುಡುಕು.”

ಹೊರಗೆ ತಾದಿಚ್ ನಿಂತ. “ಈ ನಾಲ್ಕು ವರ್ಷ ನಿಮ್ಮ ಅರ್ಜಿಯಲ್ಲಿಲ್ಲ.”

“ಇಲ್ಲ.”

“ಎರಡು ಗಂಟೆಯವರೆಗೆ ತಿದ್ದಬಹುದು,” ಎಂದು ಹೇಳಿ ಮುಂದಿನ ಕೋಣೆಗೆ ನಡೆದ. ಆ ಧ್ವನಿಯಿಂದ ಏನನ್ನೂ ಊಹಿಸುವಂತಿರಲಿಲ್ಲ.

ಒಂದೂಕಾಲಿಗೆ ದೆಸಾಂಕಾ ತಿದ್ದಲೆಂದು ಕಚೇರಿಯಿಂದ ಅರ್ಜಿ ತರಿಸಿಕೊಂಡಳು. ಅನುಭವದ ಮೊದಲ ಸಾಲಿನ ಮೇಲೆ ಜಾಗ ಸಾಲದೆ, ಅಂಚಿನಲ್ಲಿ ಸಣ್ಣಕ್ಷರದಲ್ಲಿ, ಠಾಣೆಯ ನಾಲ್ಕು ವರ್ಷವನ್ನೂ ತಿಂಗಳು ಸಮೇತ ಬರೆದಳು.