ಊಟ ಆತ್ರೀ, ಮೇಡಂ?

ಬಲಗೈಗೆ ಬಳೆ ಏರಲೇ ಇಲ್ಲ. ಎಡಗೈ ತುಂಬ ಹಸಿರು ಬಳೆ ತೊಡಿಸಿಯಾಗಿತ್ತು. ಬಲಗೈಯಲ್ಲಿ ಹೆಬ್ಬೆರಳ ಬುಡದ ಎಲುಬು ಸೊಟ್ಟಗೆ ಕೂಡಿ ಗಂಟಾಗಿತ್ತು. ಪ್ರತಿ ಬಳೆಯೂ ಅಲ್ಲಿಗೆ ಬಂದು ನಿಲ್ಲುತ್ತಿತ್ತು.

"ಎಣ್ಣಿ ಹಚ್ರಿ," ಅಂದಳು ಒಬ್ಬ ಮುದುಕಿ. "ಮುತ್ತೈದಿ ಸಾವು. ಪುಣ್ಯಾ ಮಾಡಿದ್ಲು, ಗಂಡನ ಮುಂದ ಹೋದ್ಲು."

"ಎಂಥಾ ಪುಣ್ಯಾ ಯವ್ವಾ!" ತಾಯಿ ಸುಂಕಲಮ್ಮ ಸತ್ತ ಮಗಳು ಹುಲಗಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನಾಕ ದಿನ ಜ್ವರದಾಗ ಬಿದ್ರೂ ದವಾಖಾನಿ ತೋರ್ಸಲಿಲ್ಲ. ಈ ಕೈ ಬಿಡ್ರಿ. ಇನ್ನಾದ್ರೂ ಬಿಡ್ರಿ."

ಬಳೆಯ ತಟ್ಟೆ ಹಿಡಿದಿದ್ದವಳು ಶೈಲಜಾ, ಕೊಪ್ಪಳದ 'ನೆರಳು' ಮಹಿಳಾ ಕೇಂದ್ರದವಳು. ಹೋದ ವರ್ಷ ಗಂಡನ ಹೊಡೆತ ತಾಳದೆ ಓಡಿಬಂದಿದ್ದ ಹುಲಗಮ್ಮನಿಗೆ ಬುದ್ಧಿ ಹೇಳಿ, ರಾಜಿ ಮಾಡಿಸಿ, ಕುಷ್ಟಗಿ ಸೀಮೆಯ ಈ ಮನೆಗೆ ಮರಳಿ ಕಳಿಸಿದವಳೂ ಅವಳೇ. ಆಮೇಲೆ ಆರು ಸಲ ಫೋನು ಮಾಡಿ ವಿಚಾರಿಸಿದ್ದಳು. ಆರು ಸಲವೂ 'ಆರಾಮ'. ಕೇಂದ್ರದ ವರದಿಯಲ್ಲಿ ಹುಲಗಮ್ಮನ ಹೆಸರು ಯಶಸ್ವಿ ಪ್ರಕರಣಗಳ ಪಟ್ಟಿಯಲ್ಲಿತ್ತು.

"ಈ ಕೈ ಯಾವಾಗ ಮುರೀತು?"

"ನೀವು ನಾಕನೇ ಸಲ ಫೋನ್ ಮಾಡಿದ ದಿನ್ರಿ," ಅಂದಳು ಮೇಘಾ, ಹುಲಗಮ್ಮನ ಹದಿನಾಲ್ಕರ ಮಗಳು.

"ಅಂದ್ರ?"

"ಮನ್ಯಾಗ ಇರೋದು ಒಂದ ಫೋನು, ಅಪ್ಪಂದು. ನಿಮ್ಮ ನಂಬರ್ ಬಂದ್ರ ಸ್ಪೀಕರ್ ಹಚ್ಚಿ ಅವ್ವನ ಮುಂದ ಕುಂದ್ರತಿದ್ದ. ನೀವು ಇಟ್ಟ ಕೂಡ್ಲೆ ಹೊಡಿಯಾಕ ಸುರು."

ತಟ್ಟೆಯಲ್ಲಿ ಬಳೆಗಳು ಗಲಗಲ ಸದ್ದು ಮಾಡಿದವು. ಶೈಲಜಾ ತಟ್ಟೆಯನ್ನು ನೆಲಕ್ಕಿಟ್ಟಳು.

*

ಫೋನಿನಲ್ಲಿ 'ಆರಾಮ ಅದೀನ್ರಿ' ಅಂದ ಮೇಲೂ ಹುಲಗಮ್ಮ ಮಾತು ಮುಗಿಸುತ್ತಿರಲಿಲ್ಲ.

"ಊಟ ಆತ್ರೀ, ಮೇಡಂ? ಏನ್ ಪಲ್ಯಾ ಮಾಡಿದ್ರಿ?"

ಬೀಜಕ್ಕೆಂದು ಬೆಳೆಯುವ ಟೊಮೆಟೊ ಹೊಲದಲ್ಲಿ ಅವಳದು ಕೈಯಿಂದ ಪರಾಗ ಮುಟ್ಟಿಸಿ ಹೂವು ಕೂಡಿಸುವ ಕೆಲಸ. ಅದರ ಸುದ್ದಿ ತೆಗೆಯುತ್ತಿದ್ದಳು. "ನೂರು ಹೂವಿನ್ಯಾಗ ಒಂದೂ ಉದುರಂಗಿಲ್ರಿ, ನನ್ನ ಕೈ ಅಂಥಾದ್ದು." ನಾಲ್ಕನೇ ಕರೆಯ ಮೇಲೆ ಆ ಸುದ್ದಿ ನಿಂತಿತ್ತು. ಶೈಲಜಾ ಯಾಕೆಂದು ಕೇಳಿರಲಿಲ್ಲ. ಧ್ವನಿ ಖಾಲಿ ಕೋಣೆಯಲ್ಲಿದ್ದಂತೆ ಗುಂಯ್ ಅನ್ನುತ್ತಿತ್ತು. ಹಾಳಾದ ನೆಟ್‌ವರ್ಕು ಎಂದು ಸುಮ್ಮನಾಗಿದ್ದಳು.

"ಇಡ್ತೀನಿ ಹುಲಗಮ್ಮ, ಇನ್ನೂ ಹನ್ನೆರಡು ಮಂದಿಗೆ ಮಾಡೋದೈತಿ."

"ಇನ್ನೊಂಚೂರು, ಮೇಡಂ... ನಿಮ್ಮ ಕಡೆ ಮಳಿ ಬಂತ್ರೀ?"

ಪಾಪ, ಎಷ್ಟು ಜೀವ ನನ್ನ ಮೇಲೆ ಎಂದುಕೊಳ್ಳುತ್ತಿದ್ದಳು ಶೈಲಜಾ, ಪುಣ್ಯಾತ್ಗಿತ್ತಿ! ಫೋನಿಟ್ಟು, ರಿಜಿಸ್ಟರಿನಲ್ಲಿ 'ಸುಧಾರಿಸಿದೆ' ಎಂದು ಬರೆದು ಸಹಿ ಹಾಕುತ್ತಿದ್ದಳು.

*

ಮಣ್ಣು ಕೊಟ್ಟು ಬಂದ ಮೇಲೆ ಹಿರಿಯರು ಕಟ್ಟೆಗೆ ಕೂತರು. ಸುಂಕಲಮ್ಮ ಮೊಮ್ಮಗಳ ಕೈ ಬಿಟ್ಟಿರಲಿಲ್ಲ.

"ಇಕಿನ್ನ ನಾನು ನಮ್ಮೂರು ಬೇವೂರಿಗೆ ಕರಕೊಂಡು ಹೋಗ್ತೀನ್ರಿ."

ಹುಲಗಮ್ಮನ ಗಂಡ ಓಬಳೆಪ್ಪ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ. "ಇಕಿನೂ ಹೋದ್ರ ನನ್ನ ಮನ್ಯಾಗ ಒಲಿ ಹಚ್ಚೋರು ಯಾರ್ರಿ? ನಾ ಕೆಟ್ಟಾವಿದ್ರ ಈ ಮೇಡಂ ಸುಮ್ಮನ ಇರ್ತಿದ್ರೇನು? ಕೇಳ್ರಿ, ಬುಕ್ಕಿನ್ಯಾಗ ಬರಕೊಂಡಾರ."

ಎಲ್ಲರೂ ಶೈಲಜಾಳತ್ತ ತಿರುಗಿದರು. ಅವಳು ಎದ್ದು ನಿಂತಳು.

"ಅದು ಸುಳ್ಳ್ರಿ. ಫೋನು ಇವಂದು. ಇವ್ನ ಎದುರಿಗೆ ಕುಂತಾಗ ಆಕಿ ಮತ್ತೇನು ಹೇಳ್ಬೇಕಿತ್ತು?"

"ಸಹಿ ಯಾರದ್ರಿ?" ಹಿರಿಯ ಕೊಟ್ರಬಸಪ್ಪ ಕೇಳಿದ.

"ನಂದು."

"ಆರೂ ಸಲ?"

"ಆರೂ ಸಲ."

"ಮತ್ತ!" ಮುದುಕ ಟವೆಲ್ ಕೊಡವಿ ಎದ್ದ. "ಹನ್ನೊಂದು ದಿನ ಮುಗೀಲಿ. ಅಲ್ಲೀತನ ಹುಡುಗಿ ತಂದಿ ಹತ್ರ ಇರ್ಲಿ, ಆಮ್ಯಾಲ ನೋಡೂಣು."

ಮಕ್ಕಳ ರಕ್ಷಣೆಯವರನ್ನು ನಾಳೆ ಮುಂಜಾನೆಯೇ ಕರೆತರುತ್ತೇನೆ ಎಂದು ಶೈಲಜಾ ಹೇಳಿದಳು. ನಾಳೆ! ಮೇಘಾ ಅಜ್ಜಿಯ ಕೈ ಬಿಡಿಸಿಕೊಂಡು ಒಳಗೆ ಹೋದಳು.

*

ಬಸ್ಸು ಕೊಪ್ಪಳ ಮುಟ್ಟುವಾಗ ಫೋನು ಬಂತು. ಪರದೆಯ ಮೇಲೆ 'ಹುಲಗಮ್ಮ' ಎಂದಿತ್ತು.

"ಆರಾಮ ಅದೀನ್ರಿ, ಮೇಡಂ." ಮೇಘಾಳ ಧ್ವನಿ. ಶೈಲಜಾ ಇನ್ನೂ ಏನನ್ನೂ ಕೇಳಿರಲಿಲ್ಲ. ಧ್ವನಿ ಗುಂಯ್ ಅನ್ನುತ್ತಿತ್ತು. ಅದರ ಹಿಂದೆ ಗಂಡಸೊಬ್ಬ ಕೆಮ್ಮಿದ.

"ಊಟ ಆತ್ರೀ, ಮೇಡಂ?"

'ನೀವು ಇಟ್ಟ ಕೂಡ್ಲೆ' ಎಂದು ಮೇಘಾ ಹೇಳಿದ್ದು ನೆನಪಾಗಿ ಶೈಲಜಾ ಫೋನಿಡಲಿಲ್ಲ. ಬಸ್ಸು ನಿಂತು ಮಂದಿಯೆಲ್ಲ ಇಳಿದರು. "ಅಕ್ಕಾರ, ಇಳೀರಿ, ಗಾಡಿ ಡಿಪೋಕ್ಕ ಹೊಂಟೈತಿ," ಅಂದ ಕಂಡಕ್ಟರ್. ಶೈಲಜಾ ಕೈಯೆತ್ತಿ ಅವನನ್ನು ತಡೆದಳು. ಒಂದೇ ಕೈಯಲ್ಲಿ ಚೀಲದ ರಿಜಿಸ್ಟರು ಮಡಿಲ ಮೇಲೆ ಬಿಚ್ಚಿ, ತನ್ನ ಆರು ಸಹಿಗಳ ಮೇಲೆಯೇ ದೊಡ್ಡದಾಗಿ ಊರ ಹೆಸರು, ಓಬಳೆಪ್ಪನ ಹೆಸರು, 'ಪೊಲೀಸರಿಗೆ ಫೋನ್ ಮಾಡ್ರಿ' ಎಂದು ಗೀಚಿ ಅವನ ಮುಖಕ್ಕೆ ಹಿಡಿದಳು.

"ಆತವಾ, ಮೇಘಾ, ಊಟ ಆತು." ಮುಂಜಾನೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ರೊಟ್ಟಿ, ಹೆಸರುಕಾಳ ಪಲ್ಯಾ. ಹೆಂಗ ಮಾಡಿದೆ ಹೇಳ್ತೀನಿ, ಇಡಬ್ಯಾಡ, ಕೇಳು. ಮೊದ್ಲ ಉಳ್ಳಾಗಡ್ಡಿ ಹೆಚ್ಚಿಕೊಂಡೆ. ಸಣ್ಣಗ. ಭಾಳ ಸಣ್ಣಗ ಹೆಚ್ಚಿಕೊಂಡೆ..."